ಮುಂದಾಳಿಲ್ಲದ ಹಿಂಡು: ಮೀನುಗಳು ಒಟ್ಟಿಗೆ ಈಜುವುದೇಕೆ, ಹೇಗೆ?

ಇಂಗ್ಲಿಷಿನಲ್ಲಿ ಮೀನಿನ ಹಿಂಡಿಗೆ ‘ಸ್ಕೂಲ್’ ಎನ್ನುತ್ತಾರೆ. ಸಮೂಹವಾಚಕ ಪದಗಳ ಪಟ್ಟಿಯಲ್ಲಿ ಇದು ಬಂದ ದಿನ ನಮ್ಮ ತರಗತಿಯೆಲ್ಲ ನಕ್ಕಿತು. ಮೀನಿಗೂ ಹಾಜರಿ ಕೊರತೆ ಬರುತ್ತದೆಯೇ ಸಾರ್ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ನಿಜವಾಗಿ ಈ ಪದಕ್ಕೂ ಶಾಲೆಗೂ ಸಂಬಂಧವೇ ಇಲ್ಲ. ಗುಂಪು, ದಂಡು ಎಂಬ ಅರ್ಥದ ಹಳೆಯ ಡಚ್ ಪದವೊಂದು ಇಂಗ್ಲಿಷಿಗೆ ಬಂದು ಹೀಗಾಗಿದೆ. ಕನ್ನಡದಲ್ಲಿ ನಾವು ಹಿಂಡು ಎನ್ನುತ್ತೇವೆ, ನಮ್ಮ ಮನೆಯ ಉರ್ದುವಿನಲ್ಲಿ ಝುಂಡ್. ಎರಡೂ ಭಾಷೆಯಲ್ಲಿ ಕುರಿಗೂ ಅದೇ ಮಾತು, ಮೀನಿಗೂ ಅದೇ ಮಾತು. ಆದರೆ ಕೂಡ್ಲಿಗಿ ಕಡೆಯ ರಸ್ತೆಯಲ್ಲಿ ಕುರಿ ಹಿಂಡು ಎದುರಾದರೆ ಅದರ ಹಿಂದೆ ಕಂಬಳಿ ಹೊದ್ದ ಕುರಿಗಾಹಿ ಇರುತ್ತಾನೆ, ಪಕ್ಕದಲ್ಲಿ ನಾಯಿ ಇರುತ್ತದೆ. ಮೀನಿನ ಹಿಂಡಿಗೆ ಕಾಯುವವನೂ ಇಲ್ಲ, ಮುಂದಾಳೂ ಇಲ್ಲ. ಹಾಗಿದ್ದೂ ಸಾವಿರ ಮೀನು ಒಂದೇ ಕ್ಷಣದಲ್ಲಿ ಎಡಕ್ಕೆ ತಿರುಗುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ.

ನಾನು ಕಾಮರ್ಸ್ ಓದುವವನು. ಜೀವಶಾಸ್ತ್ರದ ಸಹವಾಸ ಹತ್ತನೇ ತರಗತಿಗೇ ಮುಗಿಯಿತು. ಈ ವಿಷಯ ನನಗೆ ಬಂದದ್ದು ವಿಜ್ಞಾನದಿಂದಲ್ಲ, ವ್ಯಾಪಾರದಿಂದ. ನಮ್ಮ ಮಾಮು ಹಗರಿಬೊಮ್ಮನಹಳ್ಳಿಯಲ್ಲಿ ಮೀನು ಮಾರುತ್ತಾರೆ. ಹಿನ್ನೀರಿನ ದಡದಲ್ಲಿ ಬೆಳಗಿನ ಜಾವ ಕೊಂಡು ತರುತ್ತಾರೆ, ಮಧ್ಯಾಹ್ನದೊಳಗೆ ಮಾರಿ ಮುಗಿಸುತ್ತಾರೆ. ಅವರ ಲೆಕ್ಕದ ಪುಸ್ತಕ ನೋಡುವುದು ರಜೆಯಲ್ಲಿ ನನ್ನ ಕೆಲಸ. ಆ ವ್ಯಾಪಾರದ ಬಗ್ಗೆ ಅವರು ಹೇಳುವುದು ಒಂದೇ ಮಾತು: “ಝುಂಡ್ ಮಿಲ್ಯಾ ತೊ ಕಮಾಯಿ, ನೈ ತೊ ಖಾಲಿ ಹಾತ್.” ಹಿಂಡು ಸಿಕ್ಕರೆ ಸಂಪಾದನೆ, ಇಲ್ಲದಿದ್ದರೆ ಬರಿಗೈ. ಮೀನು ನೀರಿನಲ್ಲಿ ಸಮನಾಗಿ ಹರಡಿಕೊಂಡಿರುವುದಿಲ್ಲ, ಇದ್ದ ಕಡೆ ರಾಶಿ, ಇಲ್ಲದ ಕಡೆ ಶೂನ್ಯ. ಏಕೆ ಹೀಗೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು ಮಳೆ ಕಡಿಮೆಯ ಸೀಮೆ. ಆದರೂ ನಮಗೆ ಮೀನು ದೂರದ ವಿಷಯವಲ್ಲ. 1953ರಲ್ಲಿ ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟು ತುಂಬಿದ ಮೇಲೆ ಅದರ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಹೊಲಗಳವರೆಗೂ ಬಂದಿತು. ಜಲಾಶಯ ತುಂಬಿದಾಗ ನೀರು ಹರಡುವ ಜಾಗ ಸುಮಾರು 378 ಚದರ ಕಿಲೋಮೀಟರ್. ಅದರ ಜೊತೆಗೆ ಮಾಲವಿ ಜಲಾಶಯ ಇದೆ, ಹರಪನಹಳ್ಳಿ, ಕೊಟ್ಟೂರು ಕಡೆಯ ಕೆರೆಗಳಿವೆ, ಅಂಕಸಮುದ್ರದ ಕೆರೆ ಇದೆ. ಅಂಕಸಮುದ್ರದ ಹೆಸರು ಮುಂದೆ ಮತ್ತೆ ಬರುತ್ತದೆ.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಮೀನು ಸೇರಿದ್ದೆಲ್ಲ ಹಿಂಡಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿ ಒಂದು ಗುಂಡಿಯಷ್ಟು ನೀರು ಉಳಿದಾಗ ಎಲ್ಲ ಜಾತಿಯ ಮೀನೂ ಅಲ್ಲೇ ಇರುತ್ತವೆ. ಕೊಟ್ಟೂರು ಬಸ್ ನಿಲ್ದಾಣದಲ್ಲಿ ಜನ ನಿಂತಂತೆ ಅದು, ಯಾರೂ ಯಾರಿಗಾಗಿಯೂ ಬಂದಿಲ್ಲ. ಇನ್ನು ಕೆಲವು ಮೀನುಗಳು ಬೇಕೆಂದೇ ತಮ್ಮ ಜಾತಿಯವುಗಳ ಬಳಿ ಇರುತ್ತವೆ, ಒಂದು ಅತ್ತ ಮೇಯುತ್ತದೆ, ಒಂದು ಇತ್ತ ತಿರುಗಿರುತ್ತದೆ, ಆದರೆ ಬಿಟ್ಟು ಹೋಗುವುದಿಲ್ಲ. ಇದು ಸಂಜೆ ಮೈದಾನದಲ್ಲಿ ಕುಳಿತ ಗೆಳೆಯರ ಗುಂಪಿನಂತೆ. ಅದೇ ಮೀನುಗಳು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಒಂದೇ ಅಂತರದಲ್ಲಿ ಸಾಗತೊಡಗಿದರೆ ಆಗ ಅದು ನಿಜವಾದ ಹಿಂಡು, ಆಗಸ್ಟ್ 15ರ ಪಥಸಂಚಲನದಂತೆ. ಅದೇ ಮೀನುಗಳು ಒಂದು ನಿಮಿಷ ಗೆಳೆಯರ ಗುಂಪಾಗಿದ್ದು, ನೆರಳು ಬಿದ್ದ ಕೂಡಲೇ ಪಥಸಂಚಲನಕ್ಕೆ ಬರಬಲ್ಲವು.

ಹಾಗಾದರೆ ಕಮಾಂಡ್ ಕೊಡುವವರು ಯಾರು? ಯಾರೂ ಇಲ್ಲ. ಕೊಟ್ಟೂರೇಶ್ವರ ರಥೋತ್ಸವದ ಜನಸಾಗರದಲ್ಲಿ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಗೆ ಇರುವವನಿಗೆ ತೇರೂ ಕಾಣುವುದಿಲ್ಲ, ಜನದ ಕೊನೆಯೂ ಕಾಣುವುದಿಲ್ಲ. ಎಡಬಲದ ಭುಜಗಳು ಸರಿದಂತೆ ಅವನೂ ಸರಿಯುತ್ತಾನೆ. ಆದರೂ ಮಹಡಿ ಮೇಲಿನಿಂದ ನೋಡುವವನಿಗೆ ಇಡೀ ಜನ ಒಂದು ಅಲೆಯಂತೆ ಕಾಣುತ್ತಾರೆ. 1987ರಲ್ಲಿ ಅಮೆರಿಕದ ಕ್ರೇಗ್ ರೇನಾಲ್ಡ್ಸ್ ಎಂಬ ಕಂಪ್ಯೂಟರ್ ತಜ್ಞ ಇದನ್ನು ಪರದೆಯ ಮೇಲೆ ಮಾಡಿ ತೋರಿಸಿದರು. ಪ್ರತಿ ಚುಕ್ಕೆಗೂ ಮೂರೇ ನಿಯಮ ಕೊಟ್ಟರು: ನೆರೆಯವನಿಗೆ ತೀರ ತಗುಲಬೇಡ, ನೆರೆಯವನು ಹೋಗುವ ದಿಕ್ಕಿಗೇ ಹೋಗು, ನೆರೆಯವರಿಂದ ತೀರ ದೂರ ಉಳಿಯಬೇಡ. ಇಷ್ಟರಿಂದಲೇ ಚುಕ್ಕೆಗಳು ಹಕ್ಕಿಗಳ ಹಿಂಡಿನಂತೆ ಹಾರಿದವು, ತಡೆ ಬಂದಾಗ ಸೀಳಿ ಮತ್ತೆ ಕೂಡಿಕೊಂಡವು. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಸಿನಿಮಾದ ಬಾವಲಿಗಳನ್ನು ಇದೇ ವಿಧಾನದಲ್ಲಿ ಹಾರಿಸಿದ್ದರು. ಜಪಾನಿನ ಅವೊಕಿ ಎಂಬ ವಿಜ್ಞಾನಿ 1982ರಲ್ಲೇ ಮೀನಿನ ಹಿಂಡಿಗೆ ಇಂಥದೇ ನಿಯಮಗಳನ್ನು ಬರೆದಿದ್ದರು. ಸಿನಿಮಾದಲ್ಲಿ ಬಾರದ ಕಾರಣ ಅವರ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ನೆರೆಯವನನ್ನು ಗಮನಿಸಲು ಮೀನಿಗೆ ಎರಡು ಸಾಧನಗಳಿವೆ. ಒಂದು ಕಣ್ಣು. ತಲೆಯ ಎರಡು ಬದಿಗೆ ಇರುವುದರಿಂದ ಮುಂದೆ, ಪಕ್ಕ, ಹಿಂದೆ ಬಹುಪಾಲು ಎಲ್ಲವೂ ಕಾಣುತ್ತದೆ. ಎರಡನೆಯದು ನಮಗೆ ಇಲ್ಲದ ಅಂಗ. ಮುಂದಿನ ಬಾರಿ ಮನೆಗೆ ರೋಹು ಅಥವಾ ಕಾಟ್ಲಾ ತಂದಾಗ ಹುರುಪೆ ಉಜ್ಜುವ ಮೊದಲು ಅದರ ಪಕ್ಕೆ ನೋಡಿ. ಕಿವಿರಿನ ಹಿಂದಿನಿಂದ ಬಾಲದವರೆಗೆ ಸೂಜಿಯಿಂದ ಚುಕ್ಕೆ ಇಟ್ಟಂತೆ ಒಂದು ಗೆರೆ ಇರುತ್ತದೆ. ಇದೇ ಪಾರ್ಶ್ವರೇಖೆ. ಗೆರೆಯ ಪ್ರತಿ ಚುಕ್ಕೆಯೂ ಒಂದು ರಂಧ್ರ, ಒಳಗೆ ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ಕೋಶಗಳು. ಪಕ್ಕದ ಮೀನು ಬಾಲ ಬೀಸಿದರೆ ನೀರು ಕದಲುತ್ತದೆ, ಎಳೆ ಬಾಗುತ್ತದೆ, ಮೀನಿಗೆ ಸುದ್ದಿ ಮುಟ್ಟುತ್ತದೆ. ದೂರದಿಂದ ಮುಟ್ಟುವುದು ಎನ್ನಬಹುದು. ಅಮ್ಮಿ ನೂರಾರು ಮೀನು ಶುಚಿ ಮಾಡಿದ್ದಾರೆ, ಗೆರೆಯನ್ನು ನೋಡಿಯೂ ಇದ್ದಾರೆ. ಅದು ಕಿವಿಯ ಹಾಗೆ ಕೆಲಸ ಮಾಡುತ್ತದೆ ಎಂದಾಗ ಮಾತ್ರ ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ಎರಡರಲ್ಲಿ ಯಾವುದು ಮುಖ್ಯ? 1980ರಲ್ಲಿ ಪಾರ್ಟ್ರಿಡ್ಜ್ ಮತ್ತು ಪಿಚರ್ ಎಂಬಿಬ್ಬರು ಸೇತ್ ಎಂಬ ಕಡಲ ಮೀನಿನ ಮೇಲೆ ಪ್ರಯೋಗ ಮಾಡಿದರು. ಕಣ್ಣಿಗೆ ತಾತ್ಕಾಲಿಕವಾಗಿ ಮುಚ್ಚಳ ಹಾಕಿದ ಮೀನು ಹಿಂಡಿನ ಜೊತೆಗೇ ಈಜಿತು. ಪಾರ್ಶ್ವರೇಖೆಯ ನರ ಕತ್ತರಿಸಿದ ಮೀನೂ ಕಣ್ಣಿನ ಬಲದಿಂದ ಹಿಂಡಿನಲ್ಲಿ ಉಳಿಯಿತು, ಆದರೆ ನೆರೆಯವರಿಂದ ಇಟ್ಟುಕೊಳ್ಳುವ ಅಂತರ ಬದಲಾಯಿತು. ಎರಡೂ ಇಲ್ಲದ ಮೀನಿಗೆ ಹಿಂಡಿನಲ್ಲಿ ಉಳಿಯಲು ಆಗಲಿಲ್ಲ. ನಮ್ಮ ಮಳೆಗಾಲದ ಕೆಂಪು ನೀರಿನಲ್ಲಿ ಕೈ ಅದ್ದಿದರೆ ಬೆರಳು ಕಾಣುವುದಿಲ್ಲ. ಅಂಥ ನೀರಿನ ಮೀನಿಗೆ ಈ ಗೆರೆ ಎಷ್ಟು ಬೆಲೆಯದ್ದೆಂದು ಊಹಿಸಬಹುದು.

ಈಗ ‘ಏಕೆ’ ಎಂಬ ಪ್ರಶ್ನೆ. ಇಲ್ಲಿ ನಮ್ಮ ವಿಭಾಗದವರಿಗೆ ಇಷ್ಟವಾಗುವ ಲೆಕ್ಕವಿದೆ. ಒಂದು ಬೇಟೆಗಾರ ಮೀನಿಗೆ 2 ಮೀಟರ್ ದೂರದವರೆಗೆ ಕಾಣುತ್ತದೆ ಎಂದುಕೊಳ್ಳಿ. ಒಂಟಿ ಮೀನಿನ ಸುತ್ತ 2 ಮೀಟರ್ ತ್ರಿಜ್ಯದ ವೃತ್ತದೊಳಗೆ ಅದು ಬಂದರೆ ಮೀನು ಕಣ್ಣಿಗೆ ಬಿತ್ತು. ವೃತ್ತದ ವಿಸ್ತೀರ್ಣ ಸುಮಾರು 12.5 ಚದರ ಮೀಟರ್. ಸಾವಿರ ಮೀನು ಬೇರೆ ಬೇರೆ ಇದ್ದರೆ ಇಂಥ ಸಾವಿರ ವೃತ್ತಗಳು, ಅಂದರೆ ಅಪಾಯದ ಜಾಗ 12,500 ಚದರ ಮೀಟರ್. ಅದೇ ಸಾವಿರ ಮೀನು 1 ಮೀಟರ್ ತ್ರಿಜ್ಯದ ಒಂದು ಚೆಂಡಿನಂತೆ ಸೇರಿದರೆ ವೃತ್ತದ ತ್ರಿಜ್ಯ 3 ಮೀಟರ್ ಆಗುತ್ತದೆ, ವಿಸ್ತೀರ್ಣ ಸುಮಾರು 28. ಬೇಟೆಗಾರ ಇಡೀ ದಿನ ಸುತ್ತಿದರೂ ಹಿಂಡು ಎದುರಾಗುವ ಸಂಭವ ಬಹಳ ಕಡಿಮೆ. ಎದುರಾದರೂ ಅದು ತಿನ್ನುವುದು ಒಂದನ್ನೋ ಎರಡನ್ನೋ, ಅದು ನಾನೇ ಆಗುವ ಸಂಭವ ಸಾವಿರದಲ್ಲಿ ಒಂದು. ಬ್ರಾಕ್ ಮತ್ತು ರಿಫೆನ್‌ಬರ್ಗ್ ಎಂಬವರು 1960ರಲ್ಲಿ ಈ ರೀತಿಯ ವಾದವನ್ನು ಮುಂದಿಟ್ಟರು. ಅಂಕಿಗಳು ನನ್ನವು, ತತ್ವ ಅವರದು. ವಿಮೆಯ ಪಾಠದಲ್ಲಿ ಓದಿದ ಅಪಾಯ ಹಂಚಿಕೆಯ ತತ್ವವೇ ಇದು, ಪ್ರೀಮಿಯಂ ಕಟ್ಟುವ ಕಚೇರಿ ಮಾತ್ರ ಇಲ್ಲ.

ಹಿಂಡಿನೊಳಗೆ ನುಗ್ಗಿದ ಮೇಲೂ ಬೇಟೆ ಸುಲಭವಲ್ಲ. ಒಂದು ಸೀಬೆಹಣ್ಣು ಎಸೆದರೆ ಹಿಡಿಯುತ್ತೀರಿ, ಒಟ್ಟಿಗೆ ಆರು ಎಸೆದರೆ ಹೆಚ್ಚಾಗಿ ಒಂದೂ ಕೈಗೆ ಬರುವುದಿಲ್ಲ. 1974ರಲ್ಲಿ ನೀಲ್ ಮತ್ತು ಕಲನ್ ಇಂಥ ಪ್ರಯೋಗವನ್ನು ಬೇರೆ ಬೇರೆ ಬೇಟೆಗಾರ ಜೀವಿಗಳ ಮೇಲೆ ಮಾಡಿದರು. ಗುಂಪು ದೊಡ್ಡದಾದಷ್ಟೂ ಅವುಗಳ ದಾಳಿ ವಿಫಲವಾಗುವುದು ಹೆಚ್ಚಿತು. ಆದರೆ ಹಿಂಡಿನಲ್ಲಿ ಒಂದು ಮೀನು ಬಣ್ಣದಲ್ಲೋ ಗಾತ್ರದಲ್ಲೋ ಬೇರೆಯಾಗಿದ್ದರೆ ಬೇಟೆಗಾರನ ಕಣ್ಣು ಅದನ್ನೇ ಹಿಂಬಾಲಿಸುತ್ತದೆ. ಹಾಗಾಗಿ ಸಣ್ಣವು ಸಣ್ಣವುಗಳ ಜೊತೆ, ದೊಡ್ಡವು ದೊಡ್ಡವುಗಳ ಜೊತೆ. ಸಮವಸ್ತ್ರ ಏಕೆ ಬೇಕು ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ಈಗ ಒಂದು ಹೊಸ ಕಾರಣ ಇದೆ.

ಎಚ್ಚರಿಕೆಯ ಗಂಟೆಯೂ ಇದೆ. 1938ರಲ್ಲಿ ಕಾರ್ಲ್ ಫಾನ್ ಫ್ರಿಶ್ ಒಂದು ಚಿಕ್ಕ ಮೀನಿನ ಚರ್ಮಕ್ಕೆ ಗಾಯವಾದಾಗ ಉಳಿದವು ಬೆದರಿ ಓಡುವುದನ್ನು ಕಂಡು ವರದಿ ಮಾಡಿದರು. ಗಾಯಗೊಂಡ ಚರ್ಮದಿಂದ ಒಂದು ರಾಸಾಯನಿಕ ನೀರಿಗೆ ಸೇರುತ್ತದೆ, ಅದರ ವಾಸನೆಯೇ ಸೂಚನೆ. ಜೇನುನೊಣಗಳ ನೃತ್ಯದ ಅರ್ಥ ಬಿಡಿಸಿದ್ದಕ್ಕೆ ಮುಂದೆ ನೊಬೆಲ್ ಪಡೆದ ವಿಜ್ಞಾನಿ ಇವರೇ. ಅವರು ನೋಡಿದ್ದು ಕಾರ್ಪ್ ಕುಟುಂಬದ ಮೀನನ್ನು, ನಮ್ಮ ರೋಹು, ಕಾಟ್ಲಾ, ಮೃಗಾಲ್ ಕೂಡ ಅದೇ ಕುಟುಂಬಕ್ಕೆ ಸೇರಿದವು.

ಹಿಂಡಿನಲ್ಲಿ ಎಲ್ಲರಿಗೂ ಸಮಾನ ಲಾಭ ಎಂದು ತಿಳಿಯಬೇಡಿ. ಅಂಚಿನಲ್ಲಿರುವ ಮೀನಿಗೆ ಅಪಾಯ ಹೆಚ್ಚು. 1971ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಇದಕ್ಕೆ ‘ಸ್ವಾರ್ಥಿ ಹಿಂಡು’ ಎಂದು ಹೆಸರಿಟ್ಟರು. ಪ್ರತಿಯೊಂದೂ ತನ್ನ ಮತ್ತು ಅಪಾಯದ ನಡುವೆ ಇನ್ನೊಬ್ಬನನ್ನು ಇಟ್ಟುಕೊಳ್ಳಲು ನೋಡುತ್ತದೆ, ಅದರಿಂದಲೇ ಹಿಂಡು ಬಿಗಿಯಾಗುತ್ತದೆ ಎಂಬುದು ಅವರ ವಾದ. ಒಗ್ಗಟ್ಟಿನಲ್ಲಿ ಬಲವಿದೆ ಎಂದು ಹೇಳಲು ಮೀನಿನ ಹಿಂಡಿನ ಚಿತ್ರ ಹಾಕುವ ಪೋಸ್ಟರುಗಳನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ಮುಂದಿನ ಸಾಲಿನ ಮೀನಿಗೆ ಆಹಾರ ಮೊದಲು ಸಿಗುತ್ತದೆ, ಶತ್ರುವೂ ಮೊದಲು ಸಿಗುತ್ತಾನೆ. ಹಸಿದ ಮೀನುಗಳೇ ಮುಂದೆ ಹೋಗುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ, ಹೊಟ್ಟೆ ತುಂಬಿದವು ಒಳಗೆ ಸರಿಯುತ್ತವೆ. ದೊಡ್ಡ ಹಿಂಡಿನ ಹಿಂದಿನ ಸಾಲಿಗೆ ಬರುವ ನೀರಿನಲ್ಲಿ ಆಮ್ಲಜನಕವೂ ಕಡಿಮೆ, ಮುಂದಿನವು ಉಸಿರಾಡಿ ಬಿಟ್ಟ ನೀರು ಅದು. ಒಟ್ಟಿಗೆ ಈಜುವುದರಿಂದ ಶಕ್ತಿ ಉಳಿಯುತ್ತದೆಯೇ ಎಂಬ ಬಗ್ಗೆ 1973ರಿಂದ ವಾದ ನಡೆದಿದೆ, ಅದರ ಗಣಿತ ನನ್ನ ಕೈಗೆ ಮೀರಿದ್ದು.

ಎಲ್ಲ ಮೀನೂ ಹೀಗಲ್ಲ. ಕೊರವ ಮೀನನ್ನು ನೋಡಿ, ನಮ್ಮ ಮನೆಯಲ್ಲಿ ಅದಕ್ಕೆ ಮರಲ್ ಎನ್ನುತ್ತಾರೆ. ಬೆಳೆದ ಕೊರವ ಒಂಟಿ, ಜೊಂಡಿನಲ್ಲಿ ಅಡಗಿ ಹೊಂಚು ಹಾಕುತ್ತದೆ. ಆದರೆ ಅದರ ಮರಿಗಳು ಕೆರೆಯಂಚಿನಲ್ಲಿ ಕೆಂಪು ಮುದ್ದೆಯಂತೆ ಒತ್ತಾಗಿ ಈಜುತ್ತವೆ, ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಚಿಕ್ಕವನಿದ್ದಾಗ ಗುಂಪು ಬೇಕು, ಹಲ್ಲು ಬಂದ ಮೇಲೆ ಬೇಡ.

ಇಲ್ಲಿಯವರೆಗೆ ಹೇಳಿದ ರಕ್ಷಣೆಯೆಲ್ಲ ಒಂದು ಬಗೆಯ ಶತ್ರುವಿಗೆ ಮಾತ್ರ: ಕಣ್ಣಿನಿಂದ ಹುಡುಕಿ, ಒಂದೊಂದನ್ನೇ ಹಿಡಿಯುವವನಿಗೆ. ಬೇರೆ ಬಗೆಯ ಬೇಟೆಗಾರ ಬಂದರೆ ಏನಾಗುತ್ತದೆ ಎಂದು ನೋಡಲು ಅಂಕಸಮುದ್ರಕ್ಕೆ ಹೋಗಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಹಳೆಯ ನೀರಾವರಿ ಕೆರೆ 98.76 ಹೆಕ್ಟೇರ್ ಇದೆ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ಇಲ್ಲಿ 41 ಜಾತಿಯ ಮೀನು, 240 ಜಾತಿಯ ಹಕ್ಕಿ ಇವೆ ಎಂದು ದಾಖಲಾಯಿತು. ಇಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಮೀನನ್ನು ನೋಡಿ ಹಿಡಿಯುವುದೇ ಇಲ್ಲ. ಅರ್ಧ ತೆರೆದ ಕೊಕ್ಕನ್ನು ಕೆಸರು ನೀರಿನಲ್ಲಿ ಆಡಿಸುತ್ತ ನಡೆಯುತ್ತದೆ, ಏನಾದರೂ ತಗುಲಿದರೆ ಕೊಕ್ಕು ತಟ್ಟನೆ ಮುಚ್ಚುತ್ತದೆ. ಅದರ ಕಣ್ಣಿಗೆ ಗೊಂದಲ ಮಾಡಿ ಪ್ರಯೋಜನವಿಲ್ಲ, ಮೀನು ಒತ್ತಾಗಿದ್ದಷ್ಟೂ ಕೊಕ್ಕಿಗೆ ತಗುಲುವುದು ಹೆಚ್ಚು. ನೀರುಕಾಗೆಗಳು ಗುಂಪಾಗಿ ಮುಳುಗಿ ಮೀನನ್ನು ಅಟ್ಟುತ್ತವೆ. ಹೆಜ್ಜಾರ್ಲೆಗಳು ಅರ್ಧಚಂದ್ರಾಕಾರದಲ್ಲಿ ಈಜುತ್ತ ಹಿಂಡನ್ನು ಆಳವಿಲ್ಲದ ಕಡೆಗೆ ತಳ್ಳಿ ಚೀಲದಂಥ ಕೊಕ್ಕಿನಿಂದ ಮೊಗೆಯುತ್ತವೆ. ಅಂದರೆ ಹಿಂಡಿಗೆ ಎದುರಾಗಿ ಹಿಂಡು.

ಮನುಷ್ಯನ ಬಲೆಯೂ ಹೆಜ್ಜಾರ್ಲೆಯ ದಾರಿಯಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ಬೂತಾಯಿ, ಬಂಗುಡೆ ಎರಡೂ ದೊಡ್ಡ ಹಿಂಡಿನ ಮೀನುಗಳು. ಅವು ದಡದ ಬಳಿ ಬಂದಾಗ ದೋಣಿಯಲ್ಲಿ ರಂಪಣಿ ಬಲೆಯನ್ನು ಸುತ್ತ ಬಿಟ್ಟು, ಎರಡು ತುದಿಯನ್ನೂ ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಲೆಯ ಉದ್ದ ಒಂದು ಕಿಲೋಮೀಟರನ್ನೂ ಮೀರುತ್ತಿತ್ತು. ಒಬ್ಬರಿಂದ ಆಗದ ಕೆಲಸವಾದ್ದರಿಂದ ಅದಕ್ಕೆ ರಂಪಣಿ ಕಂಪನಿಗಳಿದ್ದವು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಪಾಲುದಾರಿಕೆ ಸಂಸ್ಥೆಗೆ ನಮ್ಮ ಪಠ್ಯಪುಸ್ತಕ ಕೊಡುವ ಉದಾಹರಣೆಗಳಿಗಿಂತ ಇದು ಎಷ್ಟೋ ಚೆನ್ನಾಗಿದೆ. 1970ರ ದಶಕದ ಮಧ್ಯದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂತು. ರಂಪಣಿಯವರು ಹಿಂಡು ದಡಕ್ಕೆ ಬರಲಿ ಎಂದು ಕಾಯಬೇಕಿತ್ತು, ಪರ್ಸೀನ್‌ನವರು ಹಿಂಡು ಇರುವಲ್ಲಿಗೇ ಹೋದರು. ಕೆಲವೇ ವರ್ಷಗಳಲ್ಲಿ ರಂಪಣಿ ಕಂಪನಿಗಳು ಒಂದೊಂದಾಗಿ ಮುಚ್ಚಿದವು.

ಕರಾವಳಿ ನಮಗೆ ದೂರ ಅನ್ನಿಸಬಹುದು. ಆದರೆ ತುಂಗಭದ್ರಾ ಹಿನ್ನೀರಿನಲ್ಲಿ ರಂಪಣಿಯ ದಾಯಾದಿಯಂಥ ಬಲೆ ಇದೆ, ಅದರ ಹೆಸರು ಅಲಿವಿ. ಇದೂ ದಡಕ್ಕೆ ಎಳೆಯುವ ದೊಡ್ಡ ಬಲೆ, ಕಣ್ಣು ಸಣ್ಣದು. ದಡದ ಆಳವಿಲ್ಲದ ನೀರಿನಲ್ಲಿ ಗುಂಪಾಗಿ ಮೇಯುವ ಬೆರಳುದ್ದದ ಮೀನುಗಳನ್ನು ರಾಶಿಯಾಗಿ ತರುತ್ತದೆ, ಅವನ್ನು ಒಣಗಿಸಿ ಮಾರುತ್ತಾರೆ. ಸಂತೆಯಲ್ಲಿ ಗುಡ್ಡೆ ಹಾಕಿದ ಒಣಮೀನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ದೊಡ್ಡ ಜಾತಿಯ ಮೀನಿನ ಮರಿಗಳೂ ಅದೇ ಗಾತ್ರದ ಹಿಂಡಿನಲ್ಲಿ ಇರುವುದರಿಂದ ಅವೂ ಅದೇ ಬಲೆಗೆ ಬೀಳುತ್ತವೆ. ಒಂದು ಕಿಲೋ ಒಣಮೀನಿನಲ್ಲಿ ಎಷ್ಟು ಮೀನು ಎಂದು ಎಣಿಸುವ ತಾಳ್ಮೆ ಇದ್ದರೆ ಎಣಿಸಿ ನೋಡಿ. ಬಲೆ ಎಳೆಯುವವರನ್ನು ಬೈಯುವುದು ಸುಲಭ. ಅವರ ಮನೆಯ ಒಲೆಯೂ ಇದರಿಂದಲೇ ಉರಿಯುತ್ತದೆ, ನಮ್ಮ ಮಾಮುವಿನ ಅಂಗಡಿಯೂ ಇದರಿಂದಲೇ ನಡೆಯುತ್ತದೆ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇದರ ಮುಂದಿನ ಲೆಕ್ಕ. ಒಂದು ಜಲಾಶಯದಲ್ಲಿ ಸಾವಿರ ಮೀನಿನ ಹತ್ತು ಹಿಂಡುಗಳಿವೆ ಎನ್ನೋಣ, ಮೀನುಗಾರ ದಿನಕ್ಕೆ ಒಂದು ಹಿಂಡಿನ ಜಾಗ ಹುಡುಕಿ ಬಲೆ ಹಾಕುತ್ತಾನೆ. ಕೆಲವು ವರ್ಷಗಳಲ್ಲಿ ಮೀನು ಅರ್ಧಕ್ಕೆ ಇಳಿಯಿತು. ಮೀನು ಹರಡಿಕೊಂಡು ಇರುವ ಜೀವಿಯಾಗಿದ್ದರೆ ಬಲೆಗೆ ಬೀಳುವುದೂ ಅರ್ಧವಾಗುತ್ತಿತ್ತು, ಎಲ್ಲರಿಗೂ ಗೊತ್ತಾಗುತ್ತಿತ್ತು. ಆದರೆ ಉಳಿದವು ಮತ್ತೆ ಸೇರಿಕೊಂಡು ಸಾವಿರದ ಐದು ಹಿಂಡುಗಳಾಗುತ್ತವೆ. ಅನುಭವಿ ಮೀನುಗಾರ ಈಗಲೂ ಒಂದು ಹಿಂಡನ್ನು ಹುಡುಕುತ್ತಾನೆ, ಬಲೆ ಈಗಲೂ ತುಂಬುತ್ತದೆ. ಪುಸ್ತಕದಲ್ಲಿ ಮೊದಲಿನಷ್ಟೇ ಕಿಲೋ. ಬಂಡವಾಳ ಕರಗುತ್ತಿದ್ದರೂ ಆದಾಯದ ಅಂಕಣದಲ್ಲಿ ಅದು ಕಾಣುವುದಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಕಾಡ್ ಮೀನಿಗೆ ಹೀಗೇ ಆಯಿತು. ದೊಡ್ಡ ಹಡಗುಗಳ ಬಲೆಗೆ ಮೀನು ಚೆನ್ನಾಗಿಯೇ ಬೀಳುತ್ತಿದ್ದುದರಿಂದ ಕಡಲಲ್ಲಿ ಬೇಕಾದಷ್ಟು ಇದೆ ಎಂದು ಲೆಕ್ಕ ಹಾಕಿದ್ದರು. 1992ರ ಜುಲೈ 2ರಂದು ಸರ್ಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸುಮಾರು 30,000 ಜನ ಕೆಲಸ ಕಳೆದುಕೊಂಡರು.

ಹಾಗಾಗಿ ಕಿಲೋ ಮತ್ತು ರೂಪಾಯಿ ಎರಡನ್ನೇ ಬರೆದರೆ ಸಾಲದು ಎಂದು ಮಾಮುವಿಗೆ ಹೇಳಿದೆ. ಬಲೆ ಎಳೆಯುವವರನ್ನು ಕೇಳಿ ಇನ್ನೂ ಮೂರು ಸಂಗತಿ ಬರೆಯಬಹುದು: ಹಿಂಡು ಹುಡುಕಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಬಾರಿ ಬಲೆ ಖಾಲಿ ಬಂತು, ಬಂದ ಮೀನಿನಲ್ಲಿ ಗೇಣುದ್ದಕ್ಕಿಂತ ಚಿಕ್ಕವು ಎಷ್ಟು ಪಾಲು. ಇಷ್ಟೆಲ್ಲ ಯಾರು ಬರೆಯುತ್ತಾರೆ ಎಂದು ಅವರು ಕೇಳಿದರು. ಗೆರೆ ಹಾಕಿ ಅಂಕಣ ಮಾಡಿಕೊಟ್ಟಿದ್ದೇನೆ. ಮೊದಲ ಎರಡು ಅಂಕಣ ಇನ್ನೂ ಖಾಲಿ ಇವೆ, ಮೂರನೆಯದನ್ನು ಅಂಗಡಿಯಲ್ಲೇ ಅಳೆಯಬಹುದಾದ್ದರಿಂದ ಭಾನುವಾರಗಳಲ್ಲಿ ನಾನೇ ತುಂಬುತ್ತಿದ್ದೇನೆ. ಹಡಗಲಿ ಮತ್ತು ಹರಪನಹಳ್ಳಿ ಕಡೆಯ ಸಹಪಾಠಿಗಳಲ್ಲಿ ಯಾರ ಮನೆಯಲ್ಲಾದರೂ ಮೀನಿನ ವ್ಯಾಪಾರ ಇದ್ದರೆ ಅವರೂ ಒಂದು ಪುಟಕ್ಕೆ ಗೆರೆ ಹಾಕಿಕೊಳ್ಳಲಿ, ಪರೀಕ್ಷೆ ಮುಗಿದ ಮೇಲೆ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.